ತಾರ್ತುವಿನಲ್ಲಿ ಕರೆಂಟ್ ಹೋದ ಮೂರು ನಿಮಿಷ

ಟ್ಯಾಲಿನ್ ವಿಮಾನ ನಿಲ್ದಾಣ

ಎಸ್ಟೋನಿಯಾ ದೇಶದಲ್ಲಿ ನಾನು ಮಾಡಿದ ಮೊದಲ ಕೆಲಸ, ಒಬ್ಬ ಕಸ್ಟಮ್ಸ್ ಅಧಿಕಾರಿಯ ಕಿವಿಗೆ ತೆಂಗಿನಕಾಯಿ ಹಿಡಿದದ್ದು.

ಬ್ಯಾಗನ್ನು ಅವನ ಮೇಜಿನ ಮೇಲಿಟ್ಟಾಗ ಒಳಗೆ ಏನೋ ಗಡಗಡ ಅಂದಿತು. ಆತ ಹುಬ್ಬೇರಿಸಿದ. ಬಟ್ಟೆ, ಚಟ್ನಿಪುಡಿ, ಅಮ್ಮ ಕಟ್ಟಿಕೊಟ್ಟ ಹುರಿಗಾಳು ಎಲ್ಲವನ್ನೂ ಹೊರಗೆ ಹಾಕಿ, ತಳದಿಂದ ಸುಲಿದ ಕಾಯಿಯೊಂದನ್ನು ತೆಗೆದೆ. ನಮ್ಮ ಹೊನ್ನವಳ್ಳಿ ಮನೆಯ ಅಟ್ಟದಲ್ಲಿ ಹನ್ನೊಂದು ತಿಂಗಳು ಕೂತು, ನೀರೆಲ್ಲ ಇಂಗಿ, ಒಳಗೆ ಉಂಡೆ ಕೊಬ್ಬರಿಯಾಗಿ ಚಿಪ್ಪಿನಿಂದ ಬಿಡಿಸಿಕೊಂಡು ಕೂತಿದ್ದ ಕಾಯಿ ಅದು. ಇಷ್ಟನ್ನೂ ವಿವರಿಸುವ ಇಂಗ್ಲಿಷ್ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ತಿಪಟೂರು ಸೀಮೆಯವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಿವಿಗೆ ಹಿಡಿದು ಅಲ್ಲಾಡಿಸಿದೆ. ಆಮೇಲೆ ಅವನ ಕಿವಿಗೂ ಹಿಡಿದು ಅಲ್ಲಾಡಿಸಿದೆ. ಆತ ಕಾಯಿ ಇಸಿದುಕೊಂಡು, ತಾನೂ ಒಮ್ಮೆ ಗಂಭೀರವಾಗಿ ಅಲ್ಲಾಡಿಸಿ, ಗಂಭೀರವಾಗಿ ಕೇಳಿ, ಗಂಭೀರವಾಗಿ ವಾಪಸು ಕೊಟ್ಟ. ಹಿಂದಿದ್ದ ಸಾಲಿನವರು ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಈ ಕುಟ್ಟಿ ನೋಡುವುದು ನಾವು ಯೋಚಿಸಿ ಮಾಡುವ ಕೆಲಸವಲ್ಲ; ಕೈ ತಾನೇ ಮಾಡಿಬಿಡುತ್ತದೆ. ಸದ್ದಾದರೆ ಕೊಬ್ಬರಿ. ಸದ್ದಿಲ್ಲದಿದ್ದರೆ ಇನ್ನೂ ಹಸಿ, ಇಲ್ಲವೇ ಒಳಗೆ ಏನೋ ಕೆಟ್ಟಿದೆ. ನನ್ನ ಅಕ್ಕ ಗಿರಿಜ, ಮನೆಯ ಅಟ್ಟದ ಯಜಮಾನಿ, ಕಾಯಿ ಅಲ್ಲಾಡಿಸಿ ಅದರ ಹಣೆಬರಹ ಹೇಳುತ್ತಾಳೆ. ನಾನು ಅಷ್ಟು ಪಂಡಿತನಲ್ಲ, ಆದರೆ ಚಟ ಮಾತ್ರ ಪೂರ್ತಿ ಹತ್ತಿದೆ. ಗ್ಯಾಸ್ ಸಿಲಿಂಡರ್, ಗೋಡೆ ಗಡಿಯಾರ, ಗೆಳೆಯರ ತಲೆಯ ಮೇಲಿದ್ದಾಗಲೇ ಅವರ ಹೆಲ್ಮೆಟ್ಟು, ಒಮ್ಮೆ ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯವರು ತಂದಿದ್ದ ಸ್ವೀಟ್ ಡಬ್ಬ, ಎಲ್ಲವನ್ನೂ ಕುಟ್ಟಿ ಅಲ್ಲಾಡಿಸಿದವನು ನಾನು. ಸಂಬಂಧ ಮುರಿದುಬೀಳಲು ಡಬ್ಬ ಕಾರಣವಲ್ಲ ಎಂದು ಅಕ್ಕ ಈಗಲೂ ಹೇಳುತ್ತಾಳೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಇಂಥವನನ್ನು ವಿದೇಶಕ್ಕೆ ಕರೆದವರು ಯಾರು ಎಂದು ನೀವು ಕೇಳಬಹುದು. ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ನನಗೆ ಕೆಲಸ. ಅಲ್ಲಿ ಸುಮ್ಮನಿರಲಾರದೆ ಒಂದು ಯಂತ್ರ ಮಾಡಿದೆ. ಕಾಯಿಯ ಮೆತ್ತನೆಯ ಕಣ್ಣಿಗೆ ಎರಡು ಸೂಜಿ ಚುಚ್ಚಿ, ಅತಿ ಸಣ್ಣ ವಿದ್ಯುತ್ ಹರಿಸಿ, ಅದಕ್ಕೆ ಒಳಗೆ ಎಷ್ಟು ತಡೆ ಎದುರಾಗುತ್ತದೆ ಎಂದು ಅಳೆಯುವುದು. ಹಸಿ ತಿರುಳಿನಲ್ಲಿ ತಡೆ ಕಡಿಮೆ, ಒಣಗಿದಂತೆ ಹೆಚ್ಚು. ಈ ತಡೆಗೆ ಇಂಪೆಡೆನ್ಸ್ ಎಂದು ಹೆಸರು.

ಅಕ್ಕನಿಗೆ ತೋರಿಸಿದಾಗ ಅವಳು ಹೇಳಿದ್ದು ಇಷ್ಟೇ: "ಕಾಯಿಗೆ ತೂತು ಹೊಡೆದು ಕೆಡಿಸಿ, ಆಮೇಲೆ ಕಾಯಿ ಚೆನ್ನಾಗೈತೆ ಅಂತೀಯಲ್ಲ, ಭೇಷ್ ಕಣ್ಲಾ. ನನ್ ಕಿವೀಲಿ ಕೇಳಿದ್ರೆ ತೂತಾದ್ರೂ ಆಗಲ್ಲ."

ಆದರೆ ಯಂತ್ರದ ಬಗ್ಗೆ ನಾನು ಬರೆದದ್ದನ್ನು ಓದಿದ, ಎಸ್ಟೋನಿಯಾದ ತಾರ್ತು ಎಂಬ ಊರಿನ ಪ್ರೊಫೆಸರರೊಬ್ಬರಿಗೆ ನನ್ನ ತೂತು ಇಷ್ಟವಾಯಿತು. ಅವರ ಲ್ಯಾಬಿನಲ್ಲಿ ಇದೇ ಉಪಾಯದಿಂದ ಮನುಷ್ಯರ ಜೀವಕೋಶಗಳನ್ನು ಗಮನಿಸುತ್ತಾರಂತೆ. ಆರು ವಾರ ಬಂದು ಕಲಿ ಎಂದರು.

ತಾರ್ತುವಿಗೆ ಹೋಗುವ ಬಸ್ಸು

ಬಸ್ಸಿನಲ್ಲಿ ನಲವತ್ತು ಸೀಟು, ಒಂಬತ್ತು ಜನ. ಒಂಬತ್ತೂ ಜನ ಒಂಬತ್ತು ಮೂಲೆಯಲ್ಲಿದ್ದರು. ನಾನು ಹೋಗಿ ಒಬ್ಬ ಹೆಂಗಸಿನ ಪಕ್ಕ ಕೂತೆ. ಒಬ್ಬರೇ ಕೂತಿದ್ದಾರಲ್ಲ, ಪಾಪ, ಎಂದು. ಆಕೆ ಕೋಟು ಎಳೆದುಕೊಂಡು ಕಿಟಕಿಗೆ ಅಂಟಿಕೊಂಡರು. ತಪ್ಪು ತಿಳಿದಿರಬೇಕು ಎಂದು ಹುರಿಗಾಳು ಪೊಟ್ಟಣ ಮುಂದೆ ಹಿಡಿದೆ. ಆಕೆ ಬಹಳ ಹೊತ್ತು ಯೋಚಿಸಿ ಒಂದು ಕಾಳು ತೆಗೆದುಕೊಂಡರು. ಒಂದೇ. ಅದನ್ನು ಎರಡು ತುಂಡು ಮಾಡಿ ತಿಂದರು.

ಹೊನ್ನವಳ್ಳಿಯಿಂದ ತಿಪಟೂರಿಗೆ ಬರುವಷ್ಟರಲ್ಲಿ ನಮ್ಮ ಬಸ್ಸಿನಲ್ಲಿ ಯಾರ ಮೊಮ್ಮಗುವಿಗೆ ಜ್ವರ, ಯಾರ ಬೋರ್‌ವೆಲ್ಲಿಗೆ ನೀರು ಬಂತು ಎಲ್ಲ ಗೊತ್ತಾಗಿಬಿಡುತ್ತದೆ. ಇಲ್ಲಿ ಎಂಜಿನ್ನಿನದೊಂದೇ ಸದ್ದು. ಆ ಮೌನದ ನಡುವೆ ನನ್ನ ಫೋನು ಬಡಿದುಕೊಂಡಿತು. ಗಾಬರಿಯಲ್ಲಿ ಎಲ್ಲಿ ಒತ್ತಿದೆನೋ, ಅಕ್ಕನ ದನಿ ಇಡೀ ಬಸ್ಸಿಗೆ ಕೇಳಿತು.

"ತಲುಪಿದ್ಯೇನ್ಲಾ? ಕಾಯಿ ಕಿತ್ಕೊಂಡ್ರಾ? ಉಂಡ್ಯಾ? ಹೊಟ್ಟೆ ಸರಿಯಾಗೈತಾ?"

ಒಂಬತ್ತು ಜನರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಅಷ್ಟು ಕಷ್ಟಪಟ್ಟು ತಿರುಗದೇ ಇದ್ದವರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಚಿನ್ನದ ಚುಕ್ಕೆಗಳು

ಲ್ಯಾಬಿನ ಬಾಗಿಲಲ್ಲಿ ಶೂ ಬಿಚ್ಚಿ ಎಂದರು. ಒಳಗಿನ ಚಪ್ಪಲಿ ನನ್ನ ಅಳತೆಗೆ ಸಿಗದೆ ಮೊದಲ ದಿನ ಕಾಲುಚೀಲದಲ್ಲೇ ನಡೆದೆ. ನನ್ನ ಎಡ ಕಾಲುಚೀಲದ ತೂತಿನಿಂದ ಹೆಬ್ಬೆರಳು ಪೂರ್ತಿ ಹೊರಬಂದು ಎಸ್ಟೋನಿಯಾ ನೋಡುತ್ತಿತ್ತು. ಈ ಹೆಬ್ಬೆರಳನ್ನು ನೆನಪಿಟ್ಟುಕೊಳ್ಳಿ. ಮುಂದಿನ ಅನಾಹುತಕ್ಕೆ ಅದೇ ಮೂಲ.

ನನಗೆ ಕೆಲಸ ಕಲಿಸಬೇಕಾದವಳು ಟೀನಾ. ಪಿಎಚ್‌ಡಿ ಮಾಡುತ್ತಿದ್ದಳು, ನನ್ನ ವಯಸ್ಸಿನವಳೇ. ನಾನು ಹತ್ತು ಮಾತಾಡಿದರೆ ಅವಳು ಒಂದು, ಅದೂ ತೂಗಿ. ಕಾಯಿಯನ್ನು ಅವಳ ಕೈಗಿಟ್ಟು, "ನಮ್ಮ ಅಟ್ಟದ್ದು. ಒಳಗೆ ಕೊಬ್ಬರಿ ಇದೆ" ಅಂದೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ತನ್ನ ಮೇಜಿನ ಮೇಲೆ, ಒಂದು ಗಾಜಿನ ಬಟ್ಟಲಲ್ಲಿ ಕೂರಿಸಿದಳು.

ಆಮೇಲೆ ಅಂಗೈಯಗಲದ ಒಂದು ತಟ್ಟೆ ತೋರಿಸಿದಳು. ಅದರಲ್ಲಿ ಎಂಟು ಗುಳಿ, ಗುಳಿಯ ತಳದಲ್ಲಿ ಚಿನ್ನದ ಚುಕ್ಕೆಗಳು. ಗುಳಿಗೆ ಪೋಷಕ ದ್ರವ ಹಾಕಿ ಜೀವಕೋಶ ಬಿಡುತ್ತಾರೆ. ಚುಕ್ಕೆಯಿಂದ ಕೋಶಕ್ಕೂ ಗೊತ್ತಾಗದಷ್ಟು ಸಣ್ಣ ವಿದ್ಯುತ್ ಹರಿಸುತ್ತಾರೆ. ಸಂತೆ ದಿನದ ಹುಳಿಯಾರು ಬಸ್ಸು ನೆನೆಸಿಕೊಳ್ಳಿ; ಟೀನಾಗೂ ನಾನು ಇದೇ ಹೋಲಿಕೆ ಹೇಳಿದೆ. ಬಸ್ಸು ಖಾಲಿ ಇದ್ದಾಗ ಕಂಡಕ್ಟರ್ ಮುಂದಿಂದ ಹಿಂದಕ್ಕೆ ಸಲೀಸಾಗಿ ಓಡಾಡುತ್ತಾನೆ. ಜನ ತುಂಬಿ, ಕಾಲು ಚಾಚಿ, ಚೀಲ ಇಟ್ಟುಕೊಂಡು ಕೂತಂತೆ ಅವನಿಗೆ ತಡೆ ಹೆಚ್ಚು. ಇಲ್ಲಿ ವಿದ್ಯುತ್ತೇ ಕಂಡಕ್ಟರ್, ಕೋಶಗಳೇ ಜನ. ಕೋಶಗಳು ಚಿನ್ನದ ಮೇಲೆ ಹರಡಿ ಹಿಡಿದು ಕೂತಷ್ಟೂ ತಡೆ ಏರುತ್ತದೆ, ಕಂಪ್ಯೂಟರ್ ಪರದೆಯ ಮೇಲೆ ಒಂದು ಗೆರೆ ಏರುತ್ತದೆ. ಹಿಡಿತ ಬಿಟ್ಟು ಎದ್ದರೆ ಗೆರೆ ಬೀಳುತ್ತದೆ. ಕೋಶಕ್ಕೆ ಬಣ್ಣ ಬಳಿಯಬೇಕಿಲ್ಲ, ಕೊಂದು ನೋಡಬೇಕಿಲ್ಲ. ಅದು ಬದುಕಿರುವಾಗಲೇ, ಮುಟ್ಟದೆ, ಹೇಗಿದ್ದೀಯಾ ಎಂದು ಕೇಳಬಹುದು.

ತಟ್ಟೆಯಲ್ಲಿದ್ದದ್ದು ಬೆಂಕಿಯಲ್ಲಿ ಸುಟ್ಟುಕೊಂಡ ಒಬ್ಬ ಹೆಂಗಸಿನ ಚರ್ಮದ ಕೋಶಗಳು. ಸುಡದೆ ಉಳಿದ ಜಾಗದಿಂದ ತೆಗೆದ ಸಣ್ಣ ತುಣುಕಿನಿಂದ ಬೆಳೆಸಿದವು. ಅವು ಒಂದಕ್ಕೊಂದು ಹಿಡಿದು ಪದರವಾಗಿ ನಿಂತರೆ, ಅದೇ ಕೋಶಗಳನ್ನು ಹೆಚ್ಚು ಬೆಳೆಸಿ ಗಾಯಕ್ಕೆ ಹೊದಿಸಲು ಡಾಕ್ಟರು ಯತ್ನಿಸಬಹುದು. ನಿಲ್ಲದಿದ್ದರೆ ಆ ದಾರಿ ಬಿಡಬೇಕು. ನಿಲ್ಲುತ್ತವೋ ಇಲ್ಲವೋ ಹೇಳುವುದು ಟೀನಾಳ ಕೆಲಸ. ಈ ತಟ್ಟೆ ಬಿಟ್ಟರೆ ಶೀತಲ ಪೆಟ್ಟಿಗೆಯಲ್ಲಿ ಇನ್ನೊಂದೇ ಸೀಸೆ ಕೋಶ ಉಳಿದಿತ್ತು.

"ಗೆರೆ ಏರಿ ಏರಿ ಕೊನೆಗೆ ಸಮವಾದಾಗ..." ಎಂದು ಟೀನಾ ಏನೋ ಮುಖ್ಯವಾದದ್ದು ಹೇಳುತ್ತಿದ್ದಳು. ನಾನು ಹೂಂಗುಡುತ್ತಾ, ಬಲಗಾಲಿನಿಂದ ಎಡ ಹೆಬ್ಬೆರಳು ಮುಚ್ಚುವ ಪ್ರಯತ್ನದಲ್ಲಿ ಕೊಕ್ಕರೆಯಂತೆ ನಿಂತಿದ್ದೆ. ಒಂದು ಪದವೂ ತಲೆಗೆ ಹೋಗಲಿಲ್ಲ.

"ಅರ್ಥವಾಯಿತಾ?" ಅಂದಳು.

"ಪೂರ್ತಿ" ಅಂದೆ.

ಭಾನುವಾರ

ಟೀನಾ ಅಮ್ಮನ ಹಳ್ಳಿಗೆ ಆಲೂಗಡ್ಡೆ ಕೀಳಲು ಹೋಗಬೇಕಿತ್ತು. ಸೆಪ್ಟೆಂಬರಿನಲ್ಲಿ ಅಲ್ಲಿ ಇಡೀ ಕುಟುಂಬ ಹೊಲಕ್ಕಿಳಿಯುತ್ತದಂತೆ. ಹೋಗುವ ಮುಂಚೆ ನನಗೆ ಹೇಳಿದಳು: "ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಪರದೆ ನೋಡು. ಏನಾದರೂ ಬದಲಾದರೆ ಫೋನ್ ಮಾಡು. ಏನೂ ಬದಲಾಗದಿದ್ದರೆ ಏನೂ ಮಾಡಬೇಡ."

ಬೆಳಿಗ್ಗೆ ಹೋದೆ. ಶನಿವಾರದವರೆಗೂ ಏರುತ್ತಿದ್ದ ಗೆರೆ ಅಡ್ಡಡ್ಡ ಮಲಗಿತ್ತು. ಹತ್ತು ನಿಮಿಷ ನೋಡಿದೆ, ಏಳಲಿಲ್ಲ. ಕಾಫಿ ಕುಡಿದು ಬಂದು ನೋಡಿದೆ. ಅಲ್ಲೇ ಇತ್ತು. ಸಿನಿಮಾಗಳಲ್ಲಿ ಆಸ್ಪತ್ರೆಯ ಪರದೆಯ ಮೇಲೆ ಗೆರೆ ಮಲಗಿತು ಎಂದರೆ ಏನು ಎಂಬುದು ನನಗೆ ಗೊತ್ತಿತ್ತು. ಫೋನ್ ಮಾಡಬೇಕಿತ್ತು. ಪೂರ್ತಿ ಅರ್ಥವಾಗಿದೆ ಎಂದ ಬಾಯಲ್ಲಿ ಏನೆಂದು ಕೇಳುವುದು?

ಮುಂದೆ ನಡೆದದ್ದನ್ನು ನನ್ನ ಕೈ ಮಾಡಿತು ಎಂದು ಹೇಳಿ ತಪ್ಪಿಸಿಕೊಳ್ಳುವ ಆಸೆ ನನಗಿದೆ. ಕೋಶಗಳನ್ನು ಬೆಚ್ಚಗಿಡುವ ಕಾವು ಪೆಟ್ಟಿಗೆಯ ಬಾಗಿಲು ತೆರೆದೆ. ತಟ್ಟೆಯನ್ನು ಕಂಪ್ಯೂಟರಿಗೆ ಜೋಡಿಸಿದ್ದ ಕೊಂಡಿಯಿಂದ ಬಿಡಿಸಿದೆ. ಗೆಣ್ಣಿನಿಂದ ತಳಕ್ಕೆ ಎರಡು ಸಲ ಕುಟ್ಟಿದೆ. ಕಿವಿಗೆ ಹಿಡಿದು ಅಲ್ಲಾಡಿಸಿದೆ.

ಸದ್ದು ಬರಲಿಲ್ಲ. ಆದ್ದರಿಂದ ಇನ್ನೊಮ್ಮೆ, ಸ್ವಲ್ಪ ಜೋರಾಗಿ ಅಲ್ಲಾಡಿಸಿದೆ.

ಕಿವಿಯ ಮೇಲೆ ಒಂದು ಬೆಚ್ಚನೆಯ ಹನಿ ಬಿತ್ತು. ಆಗ ಬುದ್ಧಿ ಬಂತು. ಸುಟ್ಟುಕೊಂಡು ಮಲಗಿದ ಒಬ್ಬ ಹೆಂಗಸಿನ ಚರ್ಮವನ್ನು ನಾನು ತಿಪಟೂರು ಮಾರುಕಟ್ಟೆಯಲ್ಲಿ ನಿಂತವನ ಹಾಗೆ ಅಲ್ಲಾಡಿಸುತ್ತಿದ್ದೆ. ತಟ್ಟೆಯನ್ನು ಮತ್ತೆ ಕೊಂಡಿಗೆ ಸಿಕ್ಕಿಸಿದೆ. ಪರದೆಯಲ್ಲಿ ಮೂರು ನಿಮಿಷ ಗೆರೆಯೇ ಇಲ್ಲದ ಖಾಲಿ ಜಾಗ. ಆಮೇಲೆ ಮತ್ತೆ ಕಾಣಿಸಿಕೊಂಡ ಗೆರೆ ಅರ್ಧ ಎತ್ತರದಲ್ಲಿತ್ತು. ನಾನು ನೋಡುತ್ತಿದ್ದಂತೆಯೇ ಇನ್ನೂ ಕೆಳಗೆ ಹೋಯಿತು.

ಟೀನಾಗೆ ಫೋನ್ ಮಾಡಿದೆ. ನಿಜ ಹೇಳಲೆಂದೇ ಮಾಡಿದ್ದು. ಅವಳು ಹಲೋ ಎಂದಾಗ ನನ್ನ ಬಾಯಿಂದ ಬಂದದ್ದು ಬೇರೆ.

"ಗೆರೆ ಬಿದ್ದಿದೆ. ಕರೆಂಟ್ ಹೋಗಿತ್ತು."

ನಮ್ಮ ಸೀಮೆಯಲ್ಲಿ ಈ ಮಾತು ಹೇಳಿದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಹಿಟ್ಟು ಬೀಸಲಿಲ್ಲವೇಕೆ, ತೋಟಕ್ಕೆ ನೀರು ಬಿಡಲಿಲ್ಲವೇಕೆ, ಹೋಂವರ್ಕ್ ಮಾಡಲಿಲ್ಲವೇಕೆ ಎಂದರೆ ಕರೆಂಟ್ ಹೋಗಿತ್ತು. ಆ ಕಡೆ ಹೊಲದ ಗಾಳಿಯ ಸದ್ದು ಕೇಳಿಸುತ್ತಿತ್ತು.

"ಕರೆಂಟ್ ಹೋಗಿತ್ತಾ? ತಾರ್ತುವಿನಲ್ಲಿ?"

"ಮೂರು ನಿಮಿಷ" ಅಂದೆ. ಸುಳ್ಳಿಗೆ ಅಳತೆ ಬೇರೆ.

ಸೋಮವಾರ

ಬೆಳಿಗ್ಗೆ ಲ್ಯಾಬಿಗೆ ಬಂದರೆ ಏಣಿಯ ಮೇಲೆ ಒಬ್ಬ ಹಿರಿಯರು. ಆ ಕಟ್ಟಡದ ದುರಸ್ತಿ ನೋಡಿಕೊಳ್ಳುವ ಆರ್ವೋ. ಮಂಡಿ ನೋವು, ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ಬಿಡುತ್ತಿದ್ದರು. ನಾನು ಹೇಳಿದ ಮೂರು ನಿಮಿಷವನ್ನು ಹುಡುಕುತ್ತಿದ್ದರು. ನೆಲಮಾಳಿಗೆಯಿಂದ ಶುರುಮಾಡಿ, ಒಂದೊಂದೇ ಸ್ವಿಚ್ಚು, ಒಂದೊಂದೇ ಫ್ಯೂಸು ಬಿಚ್ಚಿ ನೋಡಿ ಮೇಲೆ ಬಂದಿದ್ದರು.

ನನ್ನ ಮಾತನ್ನು ಯಾರೂ ಅನುಮಾನಿಸಲೇ ಇಲ್ಲ. ಅದು ಅಲ್ಲಿನ ಅಭ್ಯಾಸ. ಆ ತಿಂಗಳು ಮನೆಗಳ ಗೇಟಿನ ಮುಂದೆ ಹಣ್ಣಿನ ಬುಟ್ಟಿ ಇಟ್ಟು, ತೆಗೆದುಕೊಳ್ಳಿ ಎಂದು ಚೀಟಿ ಬರೆದಿರುತ್ತಾರೆ. ಕಾಯುವವರಿಲ್ಲ. ಜನ ಎರಡು ಸೇಬು ತೆಗೆದುಕೊಂಡು ಮಿಕ್ಕದ್ದನ್ನು ಬಿಟ್ಟು ಹೋಗುತ್ತಾರೆ. ನಮ್ಮಲ್ಲಾದರೆ ಬುಟ್ಟಿಯೂ ಇರುವುದಿಲ್ಲ, ಚೀಟಿಯೂ ಇರುವುದಿಲ್ಲ, ಗೇಟು ಉಳಿದರೆ ಪುಣ್ಯ ಎಂದು ಹಿಂದಿನ ವಾರವಷ್ಟೇ ಟೀನಾಗೆ ಜೋಕ್ ಮಾಡಿದ್ದೆ.

ಅವಳು ಪರದೆಯ ಮುಂದೆ ಕೂತಿದ್ದಳು. ಉಗುರುಗಳಲ್ಲಿ ಇನ್ನೂ ಹೊಲದ ಮಣ್ಣಿತ್ತು.

"ಭಾನುವಾರ ಬೆಳಿಗ್ಗೆ ಗೆರೆ ಸಮವಾಗಿದೆ" ಅಂದಳು. "ಎಷ್ಟು ಚೆನ್ನಾಗಿ ಹಿಡಿದುಕೊಂಡಿದ್ದವು, ನೋಡು."

"ಸಮವಾದರೆ... ಒಳ್ಳೆಯದಾ?"

ಅವಳು ನನ್ನ ಕಡೆ ನೋಡಿದಳು. "ಬಸ್ಸು ತುಂಬಿತು ಎಂದು ಅರ್ಥ. ನಿನ್ನದೇ ಹೋಲಿಕೆ."

ಅವಳು ಮುಂದುವರಿಸಿದಳು.

"ಕರೆಂಟ್ ಹೋದರೂ ಪೆಟ್ಟಿಗೆ ಮೂರು ನಿಮಿಷದಲ್ಲಿ ತಣ್ಣಗಾಗುವುದಿಲ್ಲ. ಗಟ್ಟಿ ಕೋಶಗಳು ಅಷ್ಟಕ್ಕೆ ಕಿತ್ತು ಬರುವುದಿಲ್ಲ. ಇವು ಕಿತ್ತು ಬಂದಿವೆ. ಅಂದರೆ ಆಕೆಯ ಕೋಶಗಳಿಗೇ ಹಿಡಿತವಿಲ್ಲ. ಇನ್ನೊಂದು ಸೀಸೆ ತೆಗೆದು ಪ್ರಯೋಜನವಿಲ್ಲ. ನಾಳೆ ಮಧ್ಯಾಹ್ನ ಡಾಕ್ಟರಿಗೆ ಹಾಗೆಂದು ಬರೆಯುತ್ತೇನೆ."

ಹೇಳು, ಈಗ ಹೇಳು, ಎಂದುಕೊಂಡೆ. "ಅಯ್ಯೋ ಪಾಪ" ಅಂದೆ. ನನ್ನ ಜೀವನದಲ್ಲಿ ನಾನು ಆಡಿದ ಅತ್ಯಂತ ಹೊಲಸು ಮಾತು ಅದು.

ಕೆಲಸ ಮುಗಿಯುವ ಹೊತ್ತಿಗೆ ಆರ್ವೋ ಏಣಿ ಇಳಿದು ನನ್ನ ಹತ್ತಿರವೇ ಬಂದರು. ಟೋಪಿ ತೆಗೆದರು. "ಕ್ಷಮಿಸಬೇಕು. ದೋಷ ಸಿಗಲಿಲ್ಲ. ನಾಳೆ ಮತ್ತೆ ಮೊದಲಿಂದ ನೋಡುತ್ತೇನೆ."

ಹೊರಗೆ ಬಂದು ಬೆಂಚಿನ ಮೇಲೆ ಕೂತು ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಆ ಕಡೆ ಕಡಲೆಕಾಯಿ ಸುಲಿಯುವ ಸದ್ದು ನಿಂತಿತು.

"ಆ ಹೆಣ್ಮಗಳ ಚರ್ಮಾನ ಕುಲುಕಿದ್ಯಾ?"

"ಹೂಂ ಕಣಕ್ಕ."

"ಕಿವಿಗಿಟ್ಕಂಡು?"

"ಹೂಂ."

"ಅಟ್ಟಕ್ಕೆ ಏರ್ಸಿದ ಕಾಯೀನೇ ನಾನು ತಿಂಗಳುಗಟ್ಟಲೆ ಮುಟ್ಟಲ್ಲ ಕಣ್ಲಾ. ಆಗೋ ಹೊತ್ಗೆ ಅದೇ ಆಯ್ತದೆ ಅಂತ ಸುಮ್ಕಿರ್ತೀನಿ. ನೀನು ನಂದು ಬರೀ ಕುಲುಕೋದು ಕಲ್ತಿದೀಯ, ಸುಮ್ಕಿರೋದು ಕಲೀಲಿಲ್ಲ."

ಸುಲಿಯುವ ಸದ್ದು ಮತ್ತೆ ಶುರುವಾಯಿತು.

"ಜ್ಞಾಪಕ ಐತಾ? ಚಿಕ್ಕೋನಿದ್ದಾಗ ಅಟ್ಟ ಹತ್ತಿ ನೂರಾರು ಕಾಯಿ ಉರುಳ್ಸಿ, ಇಲಿ ಉರುಳುಸ್ತು ಅಂದಿದ್ದೆ. ಅಪ್ಪಾಜಿ ವಾರಗಟ್ಟಲೆ ಆ ಇಲಿ ಹುಡುಕ್ತು. ಬೋನಿಟ್ತು. ನಂಗೆ ಗೊತ್ತಿತ್ತು, ಬಾಯ್ಬುಡ್ಲಿಲ್ಲ, ಮಗಾ ಅಂತ. ಅದೇ ತಪ್ಪಾಯ್ತು ನೋಡು." ಆಮೇಲೆ ಕೇಳಿದಳು, "ಆ ಊರಾಗೆ ಇಲಿ ಐತಾ?"

"ಇಲ್ಲ ಕಣಕ್ಕ. ಆರ್ವೋ ಅಂತ ಒಬ್ರು ಹುಡುಕ್ತಾ ಅವ್ರೆ."

"ಹಂಗಾರೆ ಹೋಗಿ ಹೇಳ್ಬುಡು. ಆ ವಯಸ್ಸಾದೋರ್ನ ಏಣಿ ಹತ್ತುಸ್ಬೇಡ."

ಮಂಗಳವಾರ

ಆರ್ವೋ ಏಣಿ ಹತ್ತುವ ಮುಂಚೆಯೇ ಹೋಗಿದ್ದೆ. ಟೀನಾ ಬಂದಳು. ಕೋಟು ತೂಗುಹಾಕುವಷ್ಟೂ ಪುರಸೊತ್ತು ಕೊಡದೆ ಹೇಳಿದೆ. "ಕರೆಂಟ್ ಹೋಗಿರಲಿಲ್ಲ. ನಾನು ತಟ್ಟೆ ತೆಗೆದು ಅಲ್ಲಾಡಿಸಿದೆ."

ಅವಳಿಗೆ ಮಾತು ಅರ್ಥವಾಯಿತು, ಕೆಲಸ ಅರ್ಥವಾಗಲಿಲ್ಲ. "ಅಲ್ಲಾಡಿಸಿದೆ ಎಂದರೆ?"

ಖಾಲಿ ತಟ್ಟೆಯೊಂದನ್ನು ತಂದು ನನ್ನ ಮುಂದಿಟ್ಟಳು. ತೋರಿಸು ಎಂದಳು. ನಾನು ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಿವಿಗೆ ಹಿಡಿದು ಅಲ್ಲಾಡಿಸಿ ತೋರಿಸಿದೆ. ಇಷ್ಟು ವರ್ಷ ಹತ್ತು ಜನರ ಮುಂದೆ ಮಂಗಾಟ ಮಾಡಿ ನಗಿಸಿದವನು ನಾನು. ಆ ಬೆಳಿಗ್ಗೆ ಒಬ್ಬಳ ಮುಂದೆ ಮಾಡಿದೆ, ಅವಳು ನಗಲಿಲ್ಲ.

"ಎಷ್ಟು ಸಲ?"

"ಎರಡು. ಎರಡನೆಯದು ಜೋರಾಗಿ."

ಅವಳು ಲ್ಯಾಬಿನ ದಾಖಲೆ ಪುಸ್ತಕ ತೆರೆದಳು. ಪರದೆಯ ಖಾಲಿ ಜಾಗದ ಹೊತ್ತು ನೋಡಿಕೊಂಡು, ದುಂಡನೆಯ ಅಕ್ಷರದಲ್ಲಿ ಬರೆದಳು: ಅತಿಥಿಯು ತಟ್ಟೆಯನ್ನು ಹೊರತೆಗೆದು, ಬೆರಳಿನಿಂದ ಎರಡು ಸಲ ಕುಟ್ಟಿ, ಕಿವಿಯ ಬಳಿ ಹಿಡಿದು ಎರಡು ಸಲ ಅಲ್ಲಾಡಿಸಿದರು. ಎರಡನೆಯ ಸಲ ಜೋರಾಗಿ. ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟಳು. ಸಹಿ ಹಾಕಿದೆ. ಆ ಪುಸ್ತಕಗಳನ್ನು ಅವರು ಎಸೆಯುವುದಿಲ್ಲವಂತೆ. ನನ್ನ ಮೊಮ್ಮಕ್ಕಳು ತಾರ್ತುವಿಗೆ ಹೋದರೆ ಓದಬಹುದು.

ಆರ್ವೋ ಅವರಿಗೆ ನೀನೇ ಹೇಳು ಎಂದಳು. ಹೇಳಿದೆ. ಅವರು "ಹಾಗಾದರೆ ಕರೆಂಟ್ ಸರಿ ಇದೆ" ಎಂದು ನೆಮ್ಮದಿಯಿಂದ ಏಣಿ ಮಡಚಿ, ಮಂಡಿ ಹಿಡಿದುಕೊಂಡು ನಡೆದರು. ಬೈದಿದ್ದರೆ ನಾನು ಆ ರಾತ್ರಿ ಊಟ ಮಾಡುತ್ತಿದ್ದೆ.

ಟಿಕೆಟ್ ಬದಲಿಸಿಕೊಂಡು ಊರಿಗೆ ಹೋಗುತ್ತೇನೆ ಎಂದೆ. ಟೀನಾ ತಲೆಯಾಡಿಸಿದಳು. "ಗೆರೆ ಓದಲು ನಿನಗೆ ಬರುವುದಿಲ್ಲ. ಅದನ್ನು ಕಲಿತು ಹೋಗು."

ಕೊನೆಯ ಸೀಸೆ

ಶೀತಲ ಪೆಟ್ಟಿಗೆಯಿಂದ ಕೊನೆಯ ಸೀಸೆ ಹೊರಬಂತು. ಕೋಶಗಳನ್ನು ಎಬ್ಬಿಸಿ, ಬೆಳೆಸಿ, ತಟ್ಟೆಗೆ ಬಿಡಲು ದಿನಗಳೇ ಹಿಡಿದವು. ನನ್ನ ಕೆಲಸ ಪರದೆಯ ಮುಂದೆ ಕೂತು ನೋಡುವುದು, ಹೊತ್ತು ಹೊತ್ತಿಗೆ ಬರೆಯುವುದು. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ಯಾರೂ ಹಾಗೆ ಕೂರು ಎಂದಿರಲಿಲ್ಲ.

ಗೆರೆ ಏರಿತು. ಒಂದು ದಿನ ಮಧ್ಯಾಹ್ನ ನಿಧಾನವಾಗಿ ಮಲಗಲು ಶುರುವಾಯಿತು. ಕೈ ಹೊರಗೆ ತೆಗೆಯಲಿಲ್ಲ. ಹತ್ತಿರದಿಂದ ನೋಡಿದರೆ ಆ ಸಮ ಗೆರೆ ಪೂರ್ತಿ ಸಮವಲ್ಲ. ಕೂದಲೆಳೆಯಷ್ಟು ಏರಿಳಿತ ಅದರಲ್ಲಿ ಇದ್ದೇ ಇತ್ತು. ಅದು ಕೋಶಗಳು ಕೂತಲ್ಲೇ ಮಿಸುಕಾಡುವುದು ಎಂದಳು ಟೀನಾ. ಸತ್ತ ಗೆರೆಯಲ್ಲಿ ಅದು ಇರುವುದಿಲ್ಲವಂತೆ. ಮೊದಲ ದಿನವೇ ಇದನ್ನೂ ಹೇಳಿದ್ದಳಂತೆ. ಹೆಬ್ಬೆರಳಿನ ಹೊತ್ತಿಗೆ.

ಮರುದಿನ, ಅದರ ಮರುದಿನ, ಮೂರನೆಯ ದಿನವೂ ಗೆರೆ ಬೀಳಲಿಲ್ಲ. ಟೀನಾ ಡಾಕ್ಟರಿಗೆ ಬರೆದಳು: ಆಕೆಯ ಕೋಶಗಳು ಹಿಡಿದು ನಿಲ್ಲುತ್ತವೆ. ಮೊದಲ ತಟ್ಟೆ ಏಕೆ ಕೆಟ್ಟಿತು ಎಂಬುದಕ್ಕೂ ಒಂದು ಸಾಲು ಬರೆದಳು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಹೆಸರು ಬರೆಯಬೇಕಾ ಎಂದು ಅವಳು ಕೇಳಲಿಲ್ಲ. ಬರಿ ಎಂದು ನಾನೇ ಹೇಳಿದೆ.

ಹೊರಡುವ ದಿನ ಅವಳ ಮೇಜಿನ ಬಳಿ ಹೋದೆ. ಗಾಜಿನ ಬಟ್ಟಲಲ್ಲಿ ನಮ್ಮ ಕಾಯಿ ನಾನು ಕೊಟ್ಟ ದಿನ ಕೂತ ಹಾಗೆಯೇ ಕೂತಿತ್ತು. ಅದರ ಮೂರು ಕಣ್ಣು ಮೊದಲ ದಿನ ಯಾವ ದಿಕ್ಕಿಗಿದ್ದವೋ ಆ ದಿಕ್ಕಿಗೇ ಇದ್ದವು. ಸುತ್ತ ಧೂಳು ಒರೆಸಿದ್ದಳು.

"ಒಡೆಯಲಿಲ್ಲವಾ?" ಎಂದೆ.

"ಮುಟ್ಟಬಹುದು ಎಂದು ನೀನು ಹೇಳಿರಲಿಲ್ಲವಲ್ಲ."

ಆರು ವಾರದಲ್ಲಿ ಅವಳು ನನ್ನನ್ನು ಬೈದದ್ದು ಅದೊಂದೇ ಸಲ. ಅವಳಿಗೆ ಅದು ಬೈಗುಳ ಎಂದು ಈಗಲೂ ಗೊತ್ತಿಲ್ಲ.

"ಮುಟ್ಟಬಹುದು" ಎಂದೆ. "ಅಲ್ಲಾಡಿಸಲೂಬಹುದು."

ಅವಳು ಎರಡೂ ಕೈಯಲ್ಲಿ ಎತ್ತಿ, ಕಿವಿಗೆ ಹಿಡಿದು, ಒಂದೇ ಒಂದು ಸಲ, ಮೆಲ್ಲಗೆ ಅಲ್ಲಾಡಿಸಿದಳು. ಗಡ ಎಂದಿತು. ಅಷ್ಟು ಸಾಕು ಎಂಬಂತೆ ಮತ್ತೆ ಬಟ್ಟಲಲ್ಲಿಟ್ಟಳು.

ಹೊನ್ನವಳ್ಳಿ

ಊರಿಗೆ ಬಂದು ಬ್ಯಾಗು ಇಳಿಸಿದಾಗ ಅಕ್ಕ ಅಟ್ಟದ ಮೇಲಿದ್ದಳು. ನಾನು ಏಣಿಯ ಕೆಳಗೆ ನಿಂತೆ. ಹತ್ತಿ ಬಾ ಎನ್ನುವವರೆಗೂ ಹತ್ತಲಿಲ್ಲ. ಅದನ್ನು ಅವಳು ಗಮನಿಸಿದಳು, ಗಮನಿಸಿದ್ದನ್ನು ತೋರಿಸಲಿಲ್ಲ. ಮೇಲಿಂದಲೇ ಕೇಳಿದಳು:

"ಏನ್ಲಾ, ಇಲಿ ಸಿಕ್ತಾ?"

"ಸಿಕ್ತು ಕಣಕ್ಕ" ಅಂದೆ. "ಸೈನೂ ಹಾಕುಸ್ಕೊಂಡ್ರು."